ಸಾಲೋಟಗಿ: ಊರೇ ನಡೆಸಿದ ಶಾಲೆ

ಇಂಡಿ ತಾಲ್ಲೂಕಿನ ಸಾಲೋಟಗಿಯನ್ನು ನಮ್ಮ ಭಾಗದವರು ಶಿವಯೋಗೇಶ್ವರನ ಊರೆಂದು ಬಲ್ಲರು. ಸಾವಿರ ವರ್ಷಗಳ ಹಿಂದೆ ಅದು ವಿದ್ಯೆಗೆ ಹೆಸರಾಗಿತ್ತೆಂಬುದನ್ನು ಬಲ್ಲವರು ವಿರಳ. ಇತಿಹಾಸದ ಪಠ್ಯಗಳಲ್ಲಿ ಅದಕ್ಕೆ ದೊರೆಯುವುದು ಹೆಚ್ಚೆಂದರೆ ಒಂದು ಸಾಲು. ಆದ್ದರಿಂದ, ನನ್ನ ಹಳೆಯ ವಿದ್ಯಾರ್ಥಿ ಮಿತ್ರರಿಗಾಗಿ ಇಲ್ಲಿ ತುಸು ವಿಸ್ತರಿಸಿ ಬರೆಯುತ್ತಿದ್ದೇನೆ.

ಅಂದು ಈ ಊರಿನ ಹೆಸರು ಪಾವಿಟ್ಟಗೆ. ಮಾನ್ಯಖೇಟದಿಂದ ರಾಷ್ಟ್ರಕೂಟರ ಮೂರನೆಯ ಕೃಷ್ಣನು ಆಳುತ್ತಿದ್ದ ಕಾಲ. ಅವನ ಮಂತ್ರಿ ನಾರಾಯಣನು ಇಲ್ಲಿ ಬ್ರಹ್ಮ, ವಿಷ್ಣು, ಮಹೇಶ್ವರರ ತ್ರೈಪುರುಷ ದೇವಾಲಯಕ್ಕೆ ಸೇರಿದ ಶಾಲೆಯನ್ನು ಕಟ್ಟಿಸಿದನು. ಕ್ರಿ.ಶ. 945ರ ಕಂಬದ ಶಾಸನ ಅದರ ವಿವರ ನೀಡುತ್ತದೆ. ನಾನಾ ನಾಡುಗಳಿಂದ ಬಂದ ವಿದ್ಯಾರ್ಥಿಗಳ ವಾಸಕ್ಕೆಂದೇ 27 ಮನೆಗಳಿದ್ದವು!

ಶಾಲೆಗೆ ದತ್ತಿಯಾಗಿ ಬಂದ ಭೂಮಿ 500 ನಿವರ್ತನ. ದೀಪದ ಎಣ್ಣೆಗೆ ಬೇರೆಯೇ 12 ನಿವರ್ತನ, ಆಚಾರ್ಯರ ಜೀವನಕ್ಕೆ 50. ನಿವರ್ತನವೆಂಬುದು ಅಂದಿನ ಭೂಮಾಪನದ ಅಳತೆ. ದೀಪಕ್ಕೂ ಗುರುವಿಗೂ ಪ್ರತ್ಯೇಕ ಹೊಲ ಮೀಸಲಿಟ್ಟವರ ವಿವೇಕವನ್ನು ಮೆಚ್ಚಬೇಕು. ಕಟ್ಟಡ ಕಟ್ಟುವುದು ಒಂದು ದಿನದ ಉತ್ಸಾಹ; ಎಣ್ಣೆ ತೀರದಂತೆ ನೋಡಿಕೊಳ್ಳುವುದು ನಿತ್ಯದ ಹೊಣೆ.

ಅದಕ್ಕಿಂತಲೂ ನನ್ನ ಮನಸ್ಸನ್ನು ಸೆಳೆಯುವುದು ಊರವರ ಕಟ್ಟುಪಾಡು. ಮನೆಯಲ್ಲಿ ಮದುವೆಯಾದರೆ ಶಾಲೆಗೆ ಇಂತಿಷ್ಟು ಕಾಣಿಕೆ. ಉಪನಯನಕ್ಕೆ ಅದರ ಅರ್ಧ. ಚೌಲಕ್ಕೆ ಆ ಅರ್ಧದಲ್ಲಿ ಅರ್ಧ. ತಮ್ಮ ಸಂತೋಷದಲ್ಲಿ ಶಾಲೆಗೊಂದು ಪಾಲನ್ನು ಅವರು ಎತ್ತಿಟ್ಟರು. ಮಂತ್ರಿ ಕಟ್ಟಿಸಿದ ಶಾಲೆಯನ್ನು ಹೀಗೆ ಊರು ತನ್ನದಾಗಿಸಿಕೊಂಡಿತು.

ಆದರೆ ಒಂದು ಮಾತನ್ನು ಮರೆಮಾಚಬಾರದು. ಅದು ಬ್ರಾಹ್ಮಣರ ವೇದಶಾಸ್ತ್ರಾಧ್ಯಯನದ ಶಾಲೆ. ಊರಿನ ಹೊಲ ಉತ್ತವನ ಮಗನಿಗೂ, ಯಾರ ಮಗಳಿಗೂ ಅಲ್ಲಿ ಪ್ರವೇಶವಿರಲಿಲ್ಲ. ಎರಡು ಶತಮಾನಗಳ ತರುವಾಯ ಇದೇ ಸೀಮೆಯ ಬಾಗೇವಾಡಿಯಲ್ಲಿ ಹುಟ್ಟಿದ ಬಸವಣ್ಣನವರ ಕಾಲಕ್ಕೆ ಜ್ಞಾನ ಕನ್ನಡದಲ್ಲಿ ಮಾತನಾಡಿತು. ಕಾಯಕದವರೂ ಸ್ತ್ರೀಯರೂ ವಚನ ರಚಿಸಿದರು. ಪಾವಿಟ್ಟಗೆಯ ದೀಪ ಯಾರನ್ನು ಹೊರಗಿರಿಸಿತ್ತೋ ಅವರೇ ಅನುಭವದ ಬೆಳಕು ಹಚ್ಚಿದರು.

ಇಂದು ಈ ಸೀಮೆಯ ಹೆಸರು ಹೊರನಾಡಿಗೆ ಹೋಗುವುದು ಇಂಡಿಯ ಲಿಂಬೆಯಿಂದ. 2023ರಲ್ಲಿ ಅದಕ್ಕೆ ಭೌಗೋಳಿಕ ಸೂಚಕದ ಮನ್ನಣೆಯೂ ದೊರೆಯಿತು. ಸಂತೋಷವೇ. ನೀವು ಎಲ್ಲಿಯೇ ನೆಲೆಸಿರಿ, ಮನೆಯ ಮದುವೆಯ ಖರ್ಚಿನ ಪಟ್ಟಿ ಬರೆಯುವಾಗ ನೀವು ಕಲಿತ ಊರ ಶಾಲೆಗೂ ಒಂದು ಸಾಲು ಮೀಸಲಿಡಿರಿ. ಇಂದಿನ ಶಾಲೆಯ ಬಾಗಿಲು ಎಲ್ಲ ಮಕ್ಕಳಿಗೂ ತೆರೆದಿದೆ. ಎಣ್ಣೆ ಎರೆಯುವ ಕೈಗಳು ಮಾತ್ರ ಬೇಕು.