ಅಡೇನಿಯಂ ಎಲೆ ಉದುರಿಸಿದರೆ ಗಿಡ ಸತ್ತಂತೆಯೇ?

ಡಿಸೆಂಬರ್ ಬಂತೆಂದರೆ ತಾರಸಿಯ ಕುಂಡದಲ್ಲಿ ಚೆನ್ನಾಗಿದ್ದ ಅಡೇನಿಯಂ ಎಲೆ ಹಳದಿಯಾಗಿ ಉದುರತೊಡಗುತ್ತದೆ. 'ನೀರು ಸಾಲುತ್ತಿಲ್ಲ, ದಿನಾ ಹಾಕಿ, ಗೊಬ್ಬರವನ್ನೂ ಕೊಡಿ' ಎಂಬ ಸಲಹೆ ಆಗ ಸುಲಭವಾಗಿ ಸಿಗುತ್ತದೆ. ಇದು ನಿಜವೇ? ನೋಡೋಣ.

ನಿಜವೇನು?

ಗಿಡ ಸತ್ತಿಲ್ಲ, ನಿದ್ದೆ ಮಾಡುತ್ತಿದೆ. ಮರುಭೂಮಿ ಗುಲಾಬಿ ಎಂದೂ ಕರೆಯುವ ಈ ಗಿಡದ ತವರು ಆಫ್ರಿಕಾ ಮತ್ತು ಅರೇಬಿಯಾದ ಒಣನೆಲ. ಯೆಮೆನ್‌ನ ಏಡನ್ ಊರಿನಿಂದಲೇ ಇದಕ್ಕೆ ಅಡೇನಿಯಂ ಎಂಬ ಹೆಸರು ಬಂದಿದೆ. ಹೆಸರು ಗುಲಾಬಿಯಾದರೂ ಇದು ನಮ್ಮ ಕಣಗಿಲೆಯ ಕುಟುಂಬದ್ದು.

ಎಲೆಗಳಿಂದ ನೀರು ಆವಿಯಾಗುತ್ತದೆ. ಹಾಗಾಗಿ ಚಳಿ ಅಥವಾ ಬರ ಬಂದಾಗ ಗಿಡ ಎಲೆ ಕಳಚಿ, ದಪ್ಪ ಬುಡದಲ್ಲಿ ಕೂಡಿಟ್ಟ ನೀರಿನಲ್ಲಿ ದಿನ ದೂಡುತ್ತದೆ. ಚಳಿ ಕಡಿಮೆಯಿರುವ ಕರಾವಳಿಯಲ್ಲಿ ಎಲೆ ಪೂರ್ತಿ ಉದುರದೆಯೂ ಇರಬಹುದು.

ನಿದ್ದೆಯಲ್ಲಿರುವ ಬೇರು ಹೆಚ್ಚು ನೀರು ಹೀರುವುದಿಲ್ಲ. ದಿನವೂ ನೀರೆರೆದರೆ ಮಣ್ಣು ಒದ್ದೆಯಾಗಿಯೇ ಉಳಿದು ಬೇರು ಕೊಳೆಯುತ್ತದೆ. ಉಳಿಸಲು ಹಾಕಿದ ನೀರೇ ಗಿಡವನ್ನು ಕೊಲ್ಲುತ್ತದೆ!

ಬದುಕಿದೆಯೇ ಎಂದು ತಿಳಿಯುವುದು ಹೇಗೆ?

ಬುಡವನ್ನು ಬೆರಳಿನಿಂದ ಒತ್ತಿ. ಗಟ್ಟಿಯಾಗಿದ್ದರೆ ಚಿಂತೆಯಿಲ್ಲ. ತುಸು ಸುಕ್ಕಾಗಿದ್ದರೆ ಬಾಯಾರಿದೆ ಎಂದರ್ಥ, ಸ್ವಲ್ಪ ನೀರು ಕೊಡಿ. ಮೆತ್ತಗಾಗಿ ವಾಸನೆ ಬರುತ್ತಿದ್ದರೆ ಕೊಳೆತಿದೆ. ಆಗ ಗಿಡ ಕಿತ್ತು, ಕೊಳೆತ ಭಾಗ ಕತ್ತರಿಸಿ, ಗಾಯ ಒಣಗುವವರೆಗೆ ಕೆಲವು ದಿನ ನೆರಳಿನಲ್ಲಿಟ್ಟು, ಒಣಮಣ್ಣಿನಲ್ಲಿ ಮತ್ತೆ ನೆಡಿ.

ವರ್ಷವಿಡೀ ಏನು ಮಾಡಬೇಕು?

• ತಳದಲ್ಲಿ ತೂತಿರುವ ಕುಂಡವೇ ಬೇಕು. ಮಣ್ಣಿಗೆ ದಪ್ಪ ಮರಳು ಅಥವಾ ಇಟ್ಟಿಗೆ ಚೂರು ಧಾರಾಳವಾಗಿ ಬೆರೆಸಿ.
• ದಿನಕ್ಕೆ 6 ಗಂಟೆಯಾದರೂ ಬಿಸಿಲು ಬೀಳಲಿ. ನೆರಳಲ್ಲಿ ಹೂವು ಕಡಿಮೆ.
• ಬೇಸಿಗೆಯಲ್ಲಿ ಮೇಲ್ಮಣ್ಣು ಒಣಗಿದ ಮೇಲೆ ನೀರು. ಮಳೆಗಾಲದಲ್ಲಿ ಸೂರಿನಡಿ ಇಡಿ. ಎಲೆಯಿಲ್ಲದಾಗ ಗೊಬ್ಬರ ಬೇಡ.
• ಫೆಬ್ರವರಿ ಹೊತ್ತಿಗೆ ಕೊಂಬೆಗಳ ತುದಿ ಕತ್ತರಿಸಿ. ಹೂವು ಬಿಡುವುದು ತುದಿಯಲ್ಲೇ. ಕವಲು ಹೆಚ್ಚಿದಷ್ಟೂ ಹೂವು ಹೆಚ್ಚು.

ಇದು ವಿಷದ ಗಿಡವಂತೆ, ಹೌದೇ?

ಹೌದು. ಇದರ ರಸದಲ್ಲಿ ಹೃದಯದ ಬಡಿತ ಕೆಡಿಸುವ ವಿಷವಿದೆ. ಆಫ್ರಿಕಾದಲ್ಲಿ ಬೇಟೆಯ ಬಾಣಕ್ಕೆ ಇದನ್ನು ಸವರುತ್ತಿದ್ದರು. ಹಾಗೆಂದು ಕುಂಡ ಮನೆಯಲ್ಲಿದ್ದ ಮಾತ್ರಕ್ಕೆ ಅಪಾಯವಿಲ್ಲ. ಕತ್ತರಿಸುವಾಗ ಕೈಗವಸು ಹಾಕಿ, ಆಮೇಲೆ ಸೋಪಿನಿಂದ ಕೈ ತೊಳೆಯಿರಿ. ಪುಟ್ಟ ಮಕ್ಕಳಿಗೆ, ನಾಯಿ-ಬೆಕ್ಕುಗಳಿಗೆ ಎಟುಕದಂತೆ ಇಡಿ. ಮಗು ಅಗಿದರೆ ಮನೆಮದ್ದು ಮಾಡುತ್ತಾ ಕೂರಬೇಡಿ. ಗಿಡದ ತುಂಡಿನೊಂದಿಗೆ ಕೂಡಲೇ ಆಸ್ಪತ್ರೆಗೆ ಹೋಗಿ.

ಕೊನೆಯ ಮಾತು: ಬೋಳಾದ ಅಡೇನಿಯಂ ಕಂಡರೆ ನೀರಿನ ಚೊಂಬು ಎತ್ತುವ ಮೊದಲು ಬುಡ ಒತ್ತಿ ನೋಡಿ. ಗಟ್ಟಿಯಿದ್ದರೆ ಬೇಸಿಗೆವರೆಗೆ ಕಾಯಿರಿ, ಗಿಡ ತಾನೇ ಚಿಗುರುತ್ತದೆ.