ಸುಡುಗಾಡಿನ ಹೊಗೆ: ದೂರದಿಂದ ಚಿಮಣಿಗೆ

ಠಾಣೆ ಕೊಲ್ಲಿಯ ಪೂರ್ವದಂಡೆಯ ಐರೋಲಿ ಮೂಲತಃ ಒಂದು ಹಳ್ಳಿ. 1970ರಲ್ಲಿ ಸ್ಥಾಪಿತವಾದ ಸಿಡ್ಕೊ ಸಂಸ್ಥೆಯು ನವಿ ಮುಂಬಯಿಯನ್ನು ನಿರ್ಮಿಸತೊಡಗಿದ ಮೇಲೆ ಇಂತಹ ಹಳ್ಳಿಗಳು ಬಡಾವಣೆಗಳ ನಡುವೆ ಸೇರಿಹೋದವು. ‘ಊರಾಚೆ’ ಎಂಬುದೇ ಅಳಿದಲ್ಲಿ, ಚಿತೆಯ ಹೊಗೆಗೆ ನಮ್ಮ ಹಿರಿಯರು ಕಂಡುಕೊಂಡಿದ್ದ ಏಕೈಕ ಉಪಾಯವಾದ ದೂರವೂ ಅಳಿಯುತ್ತದೆ.

ಈ ತೊಡಕು ಐರೋಲಿಗಷ್ಟೇ ಸೀಮಿತವಲ್ಲ, ಹೊಸದೂ ಅಲ್ಲ. ಕಲಕತ್ತೆಯ ನೀಮತಲಾ ಘಾಟಿನ ದಹನಸ್ಥಳವನ್ನು ತೆರವುಗೊಳಿಸುವ ಸರಕಾರದ ಪ್ರಸ್ತಾವವನ್ನು 1864ರಲ್ಲಿ ರಾಮಗೋಪಾಲ ಘೋಷರು ವಿರೋಧಿಸಿದರು. ಚಿತೆಗಳು ಅಲ್ಲಿಯೇ ಉಳಿದವು. ಹತ್ತು ವರ್ಷಗಳ ತರುವಾಯ ಜರ್ಮನಿಯ ಡ್ರೆಸ್ಡೆನ್ನಿನಲ್ಲಿ ಸೀಮೆನ್ಸರ ಕುಲುಮೆಯು ಶವದಹನಕ್ಕೆ ಬಳಕೆಯಾಯಿತು. ಹೊಗೆಯೆಂಬುದು ಅರೆಬೆಂದ ಇಂಧನ. ಕಾಯಿಸಿದ ಗಾಳಿಯನ್ನೊದಗಿಸಿದರೆ ಅದೂ ಉರಿದುಹೋಗುತ್ತದೆ. ಇಂದಿನ ವಿದ್ಯುತ್ ಹಾಗೂ ಅನಿಲ ಚಿತಾಗಾರಗಳು ಇದೇ ತತ್ತ್ವಕ್ಕೆ ನೀರಿನಿಂದ ಹೊಗೆ ತೊಳೆಯುವ ಸಾಧನವನ್ನೂ ಎತ್ತರದ ಚಿಮಣಿಯನ್ನೂ ಕೂಡಿಸಿಕೊಂಡಿವೆ. ಕಟ್ಟಿಗೆಯನ್ನು ಬಿಡಲೊಪ್ಪದವರಿಗಾಗಿ 1992ರಿಂದೀಚೆಗೆ ‘ಮೋಕ್ಷದಾ’ ವ್ಯವಸ್ಥೆಯಿದೆ: ಎತ್ತರಿಸಿದ ಜಾಲರಿ, ಮೇಲೊಂದು ಚಿಮಣಿ. 400–500 ಕಿಲೋ ಕಟ್ಟಿಗೆ ಬೇಡುವ ಚಿತೆಗೆ ಇಲ್ಲಿ 150–200 ಕಿಲೋ ಸಾಕಾಗುತ್ತದೆ.

ಈ ಚರ್ಚೆಗಳಲ್ಲಿ ನೆರೆಮನೆಯವನ ದೂರು ಕೇಳಿಬರುವಷ್ಟು ಚಿತೆ ಕಾಯುವವನ ಉಸಿರಿನ ಮಾತು ನಮಗೆ ಕೇಳಿಬಂದಿಲ್ಲ. ರಾಘವಾಂಕನಾದರೋ ಹರಿಶ್ಚಂದ್ರನನ್ನು ವೀರಬಾಹುಕನ ಚಾಕರನನ್ನಾಗಿಸಿ ಅಲ್ಲಿಯೇ ನಿಲ್ಲಿಸಿದ. ಸತ್ತ ಮಗನಿಗೂ ಸುಡುಗಾಡಿನ ಸುಂಕ ಕೇಳಿಸಿದ. (ಸತ್ಯದ ಕಾವ್ಯವೆಂದು ಅದನ್ನು ಓದುವ ನಾವು ದುಡಿಮೆಯ ಕಾವ್ಯವೆಂದು ಓದಿದ್ದು ಕಡಿಮೆ.) 2021ರ ಕೊರೊನಾ ಎರಡನೆಯ ಅಲೆಯಲ್ಲಿ ಬೆಂಗಳೂರಿನ ವಿದ್ಯುತ್ ಚಿತಾಗಾರಗಳು ಸಾಲದಾದಾಗ ಹೊರವಲಯದ ತಾವರೆಕೆರೆ, ಗಿಡ್ಡೇನಹಳ್ಳಿಗಳಲ್ಲಿ ತೆರೆದ ಚಿತೆಗಳು ಉರಿದವು. ನಗರವು ಮತ್ತೆ ದೂರವನ್ನೇ ನೆಚ್ಚಿತು. ಆ ಚಿತೆಗಳ ಪಕ್ಕದಲ್ಲಿ ದುಡಿದವರಿಗೆ ಆ ದೂರವಿರಲಿಲ್ಲ.