ದಾದಿಯ ಕೈಗೆ ಬಂದ ಅಧಿಕಾರ

ದಾದಿ ಎಂದೊಡನೆ ನಮ್ಮ ಕಣ್ಣಮುಂದೆ ನಿಲ್ಲುವುದು ವೈದ್ಯರ ಅಪ್ಪಣೆಯಂತೆ ಮದ್ದು ಕುಡಿಸುವ, ಗಾಯಕ್ಕೆ ಪಟ್ಟಿ ಕಟ್ಟುವ ಸಹನಾಮೂರ್ತಿ. ಹಸುಗೂಸಿನಿಂದ ಹಣ್ಣುಮುದುಕರವರೆಗೆ ಎಲ್ಲರನ್ನೂ ತಾನೇ ಪರೀಕ್ಷಿಸಿ, ರೋಗವನ್ನು ನಿರ್ಣಯಿಸಿ, ಔಷಧಿ ಬರೆದುಕೊಡುವ ದಾದಿಯೂ ಉಂಟೆಂದರೆ ವಾಚಕರು ಹುಬ್ಬೇರಿಸಬಹುದು. ಅಮೆರಿಕದಲ್ಲಿ ಅಂಥವರನ್ನು ಫ್ಯಾಮಿಲಿ ನರ್ಸ್ ಪ್ರಾಕ್ಟಿಷನರ್ ಎನ್ನುತ್ತಾರೆ. ಅವರಿಗೆ ಈ ಅಧಿಕಾರ ಬಂದುದು ಹೇಗೆ?

ಕಥೆಯ ಮೊದಲು ಒಬ್ಬ ತಾಯಿಯ ದುಃಖ. ಮೇರಿ ಬ್ರೆಕಿನ್‌ರಿಜ್ ಎಂಬ ದಾದಿ ತಮ್ಮ ಇಬ್ಬರು ಎಳೆಯ ಮಕ್ಕಳನ್ನೂ ಕಳೆದುಕೊಂಡರು. ಆ ನೋವನ್ನು ಪರರ ಮಕ್ಕಳ ಸೇವೆಯಾಗಿ ಮಾರ್ಪಡಿಸಿ, 1925ರಲ್ಲಿ ಕೆಂಟಕಿಯ ಬೆಟ್ಟಸೀಮೆಯಲ್ಲಿ ಸೇವಾಸಂಸ್ಥೆಯೊಂದನ್ನು ಕಟ್ಟಿದರು. ಸರಿಯಾದ ರಸ್ತೆಗಳಿಲ್ಲದ ಆ ಸೀಮೆಯಲ್ಲಿ ಅವರ ದಾದಿಯರು ಕುದುರೆಯೇರಿ, ಹಳ್ಳಕೊಳ್ಳ ದಾಟಿ ಹೋಗಿ ಹೆರಿಗೆ ಮಾಡಿಸುತ್ತಿದ್ದರು. ಮನೆಮಂದಿಯ ಆರೋಗ್ಯವನ್ನೂ ವಿಚಾರಿಸುತ್ತಿದ್ದರು. ಕೆಲಸ ಮೊದಲು ಹುಟ್ಟಿತು. ಹೆಸರು ಆಮೇಲೆ ಬಂದಿತು.

1965ರಲ್ಲಿ ಕೊಲರಾಡೊ ವಿಶ್ವವಿದ್ಯಾಲಯದಲ್ಲಿ ದಾದಿ ಲೊರೆಟಾ ಫೋರ್ಡ್ ಅವರೂ ಮಕ್ಕಳ ವೈದ್ಯ ಹೆನ್ರಿ ಸಿಲ್ವರ್ ಅವರೂ ಕೂಡಿ, ದಾದಿಯರಿಗೆ ಮಕ್ಕಳ ಚಿಕಿತ್ಸೆಯ ಉನ್ನತ ಶಿಕ್ಷಣವನ್ನು ಆರಂಭಿಸಿದರು. ವೈದ್ಯರ ಕೊರತೆಯಿದ್ದ ಕಡೆಗಳ ಮಕ್ಕಳ ಚಿಂತೆ ಅವರದು. ಸ್ವತಃ ದಾದಿಯರ ಗುರುವರ್ಗದಲ್ಲಿಯೇ ಇದಕ್ಕೆ ವಿರೋಧ ಬಂದಿತು. ಕ್ರಮೇಣ ಈ ಶಿಕ್ಷಣ ಎಲ್ಲ ವಯಸ್ಸಿನವರ ಚಿಕಿತ್ಸೆಗೂ ವಿಸ್ತರಿಸಿತು. ಆದರೆ ದಾದಿಯನ್ನು ನಂಬಿ ಬರುವ ಅಪರಿಚಿತ ರೋಗಿಗೆ ಆಕೆಯ ವಿದ್ಯೆಗೆ ಪ್ರಮಾಣವೇನು?

ಈ ಪ್ರಶ್ನೆಗೆ ಉತ್ತರವಾಗಿ ಬಂದುದೇ ಅರ್ಹತಾಪತ್ರ. ಉನ್ನತ ಪದವಿ ಪಡೆದ ದಾದಿಯ ಮುಂದೆ ಇಂದು ಎರಡು ದಾರಿಗಳಿವೆ. ಒಂದು, ಅಮೆರಿಕದ ದಾದಿಯರ ಸಂಘದ ಅಂಗಸಂಸ್ಥೆ ನಡೆಸುವ ಪರೀಕ್ಷೆ. ಇದರಲ್ಲಿ ಚಿಕಿತ್ಸೆಯ ಜತೆಗೆ ವೃತ್ತಿಧರ್ಮ, ಸಂಶೋಧನೆಗಳ ವಿಚಾರವನ್ನೂ ಕೇಳುತ್ತಾರೆ. ಇನ್ನೊಂದು, ನರ್ಸ್ ಪ್ರಾಕ್ಟಿಷನರುಗಳದೇ ಮಂಡಳಿಯ ಪರೀಕ್ಷೆ. ಇಲ್ಲಿ ಚಿಕಿತ್ಸೆಗೇ ಒತ್ತು. ಯಾವುದರಲ್ಲಿ ತೇರ್ಗಡೆಯಾದರೂ ಮಾನ್ಯತೆಯುಂಟು. ಬಳಿಕ ತಮ್ಮ ರಾಜ್ಯದ ಪರವಾನಗಿ ಬೇಕು. ಕೆಲವು ರಾಜ್ಯಗಳಲ್ಲಿ ಅವರು ಸ್ವತಂತ್ರರು. ಉಳಿದೆಡೆ ವೈದ್ಯರೊಡನೆ ಒಪ್ಪಂದ ಅಗತ್ಯ.

ಎರಡೂ ಪತ್ರಗಳ ಆಯುಸ್ಸು ಐದೇ ವರ್ಷ. ಕಲಿಕೆಯನ್ನು ಮುಂದುವರಿಸಿದವರಿಗೆ ಮಾತ್ರ ಅದು ಮತ್ತೆ ದೊರೆಯುತ್ತದೆ. ಒಮ್ಮೆ ಪಂಡಿತ ಪರೀಕ್ಷೆಯಲ್ಲಿ ತೇರ್ಗಡೆಯಾದ ನನ್ನನ್ನು ಇಷ್ಟು ವರ್ಷಗಳಲ್ಲಿ ಮತ್ತೆ ಯಾರೂ ಪರೀಕ್ಷಿಸಲಿಲ್ಲ. ಆ ದಾದಿಯರ ವಿಚಾರವನ್ನು ಓದಿದಾಗ ನನಗೆ ಕೊಂಚ ನಾಚಿಕೆಯಾಯಿತು. ಇನ್ನೊಬ್ಬರ ಪ್ರಾಣವನ್ನು ಕೈಯಲ್ಲಿ ಹಿಡಿದವರಿಗೆ ವಿದ್ಯೆ ಗೋಡೆಗೆ ತೂಗುಹಾಕುವ ಚೌಕಟ್ಟಲ್ಲ. ದಿನದಿನವೂ ತೀರಿಸಬೇಕಾದ ಋಣ.